ಮರಿಕೋಳಿಗೆ ಹಾಸು: ನಮ್ಮ ಕರಾವಳಿಯ ಥಂಡಿಯಲ್ಲಿ ಯಾವುದನ್ನು ಆರಿಸಬೇಕು, ಹೇಗೆ ಕಾಪಾಡಬೇಕು

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳಲ್ಲಿ, ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ನಮ್ಮ ಮನೆಗೆ 50 ಗಿರಿರಾಜ ತಳಿಯ ಕೋಳಿಮರಿ ತಂದೆ. ಹಿಂದಿನ ದಿನ ಸಂಜೆಯಷ್ಟೇ ಮರಿಗಳ ಕಾಲಡಿ ನೆಲಕ್ಕೆ ಹಾಸಲು ಏನೂ ಇಲ್ಲವೆಂಬುದು ನೆನಪಾಗಿ, ಮರದ ಮಿಲ್ಲೊಂದರಿಂದ ಎರಡು ಚೀಲ ಹೊಟ್ಟು ತರಿಸಿದ್ದೆ. ಮೇಲೆ ಒಣಗಿದಂತೆಯೇ ಇತ್ತು. ಒಳಗೆ ಕೈ ತೂರಿಸಿದರೆ ಬೆಚ್ಚಗೆ ತಾಗಿತು. ಮಳೆಯ ಚಳಿಯಲ್ಲಿ ಮರಿಗೆ ಇದು ಹಿತವೆಂದುಕೊಂಡು ಹಾಗೆಯೇ ಹರವಿಬಿಟ್ಟೆ. ಹೊಟ್ಟು ಒಳಗೊಳಗೇ ಕೊಳೆಯುತ್ತಿದ್ದುದರಿಂದ ಆ ಬಿಸಿ ಎದ್ದಿತ್ತೆಂದು ಆಗ ಹೊಳೆಯಲಿಲ್ಲ.

ಐದನೇ ದಿನಕ್ಕೆ ಮರಿಗಳು ಕತ್ತು ಚಾಚಿ, ಬಾಯಿ ತೆರೆದು ಉಸಿರೆಳೆಯತೊಡಗಿದವು. ಶೀತವಾದ ಕೋಳಿಯ ಗೊರಗೊರ ಸದ್ದು ಇರಲಿಲ್ಲ. ಸುಮ್ಮನೆ ಬಾಯಿ ತೆರೆಯುವುದು, ಮುಚ್ಚುವುದು. ಹತ್ತು ದಿನದಲ್ಲಿ 17 ಮರಿ ಹೋದವು. ಪಶುವೈದ್ಯರು ಸತ್ತ ಒಂದನ್ನು ಕೊಯ್ದು, ಶ್ವಾಸಕೋಶದ ಮೇಲೆ ಸಾಸಿವೆ ಕಾಳಿನಂಥ ಹಳದಿ ಗಂಟುಗಳನ್ನು ತೋರಿಸಿದರು. ಆಸ್ಪರ್ಜಿಲ್ಲಸ್ ಎಂಬ ಬೂಷ್ಟು. ಹಾಸಿನಿಂದ ಎದ್ದ ಅದರ ಬೀಜಕಣಗಳನ್ನು ಮರಿಗಳು ಉಸಿರಾಡಿದ್ದವು. ಅದಕ್ಕೆ ಹೇಳಿಕೊಳ್ಳುವಂಥ ಔಷಧಿಯಿಲ್ಲ.

ಪಕ್ಕದ ಮನೆಯ ದೊಡ್ಡಮ್ಮ ಬಂದು ನೋಡಿದವರು ಕೇಳಿದ್ದು ಒಂದೇ ಮಾತು: "ಹೊಟ್ಟು ಮೂಸಿ ನೋಡಿದ್ಯಾ ಮಾರಾಯ್ತಿ?" ನಾನು ನೋಡಿರಲಿಲ್ಲ.

ಅಂದಿನಿಂದ ಹಾಸಿನ ವಿಷಯ ಯಾರು ಕೇಳಿದರೂ ನಾನು ಮೊದಲು ಹೇಳುವುದಿಷ್ಟು. ಭತ್ತದ ಹೊಟ್ಟು ಒಳ್ಳೆಯದೋ ಮರದ ಹೊಟ್ಟೋ ಎಂಬ ಪ್ರಶ್ನೆ ಆಮೇಲಿನದು. ಅದು ಒಣಗಿದೆಯೇ, ಮರಿ ಮೇಲೆ ಓಡಾಡುವಷ್ಟು ದಿನವೂ ಅದನ್ನು ಒಣಗಿಯೇ ಇಟ್ಟುಕೊಳ್ಳಲು ನಿಮ್ಮಿಂದಾಗುತ್ತದೆಯೇ ಎಂಬುದೇ ಮೊದಲನೆಯದು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಬಯಲುಸೀಮೆಯವರಿಗೆ ಹೊಂದುವ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ಮಾರ್ಚ್‌ನಲ್ಲಿ ಚಿನ್ನದಂಥ ಹಾಸು ಜುಲೈಯಲ್ಲಿ ವಿಷವಾಗಬಹುದು.

ತರುವ ಮೊದಲು ಪರೀಕ್ಷಿಸಿ

ಚೀಲದ ಬಾಯಿಂದಲ್ಲ, ನಡುವಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಕೈ ಬಿಚ್ಚಿದೊಡನೆ ಪೂರ್ತಿ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಬೇಡ. ಬಳಕೆಯಲ್ಲಿರುವ ಹಾಸಿನಲ್ಲಿ ಶೇ 20ರಿಂದ 25ರಷ್ಟು ತೇವ ಇದ್ದರೆ ನಡೆಯುತ್ತದೆ. ಹಿಂಡಿದರೆ ಅರೆಬರೆ ಉಂಡೆಯಾಗಿ, ಅಂಗೈ ಬಿಚ್ಚುವಾಗ ಒಡೆದುಹೋಗುವ ಹದ ಅದು. ಹೊಸ ಸರಕು ಅದಕ್ಕಿಂತ ಒಣಗಿರಬೇಕು. ಮರಿಗಳ ಹಿಕ್ಕೆಯಲ್ಲಿ ಹೆಚ್ಚಿನ ಪಾಲು ನೀರೇ ಆದ್ದರಿಂದ, ಮೊದಲ ದಿನದಿಂದಲೇ ಹಾಸಿನ ತೇವ ಏರುತ್ತ ಹೋಗುತ್ತದೆ.

ಎರಡನೆಯದು ಕೈ ಮತ್ತು ಮೂಗಿನ ಕೆಲಸ. ಮೊಣಕೈವರೆಗೆ ಕೈ ತೂರಿಸಿ. ಬಿಸಿ ತಾಗಿದರೆ ಆ ಚೀಲ ಬಿಟ್ಟುಬಿಡಿ. ಹಳೆಯ ಅಟ್ಟದ ವಾಸನೆ, ಹುಳಿ ವಾಸನೆ, ಬೂದು ಬಣ್ಣದ ಗಂಟು, ತಟ್ಟಿದಾಗ ಹೊಗೆಯಂತೆ ಏಳುವ ಪುಡಿ, ಇವುಗಳಲ್ಲಿ ಒಂದು ಕಂಡರೂ ಬೇಡ. ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿ ಒಣಗಿಸಿದರೆ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ತೇವವೇನೋ ಹೋಗುತ್ತದೆ, ಆದರೆ ಬೀಜಕಣ ಉಳಿಯುತ್ತದೆ. ಒಣಗಿದ ಮೇಲೆ ಇನ್ನೂ ಸಲೀಸಾಗಿ ಗಾಳಿಗೆ ಏಳುತ್ತದೆ.

ಮನಸ್ಸಿನಲ್ಲಿ ಇನ್ನೂ ಅನುಮಾನವಿದ್ದರೆ ಒಣಗಿದ ಗಾಜಿನ ಬಾಟಲಿಗೆ ಅರ್ಧದಷ್ಟು ಹಾಸು ತುಂಬಿ, ಮುಚ್ಚಳ ಬಿಗಿದು ಒಂದು ತಾಸು ಬಿಸಿಲಲ್ಲಿಡಿ. ಒಳಗಿನ ಗೋಡೆಯ ಮೇಲೆ ಹನಿ ಕಟ್ಟಿದರೆ ಆ ಸರಕು ಇನ್ನೂ ಒಣಗಬೇಕು.

ನಮ್ಮಲ್ಲಿ ಸಿಗುವವು

ಭತ್ತದ ಹೊಟ್ಟು ನನ್ನ ಮೊದಲ ಆಯ್ಕೆ. ಬನವಾಸಿ, ಮುಂಡಗೋಡ, ಹಳಿಯಾಳ ಕಡೆ ಭತ್ತದ ಗಿರಣಿಗಳಲ್ಲಿ ಸಿಗುತ್ತದೆ, ಕರಾವಳಿಯ ಸಣ್ಣ ಗಿರಣಿಗಳಲ್ಲೂ ಸಿಗುತ್ತದೆ. ಕುಚ್ಚಲಕ್ಕಿ ಗಿರಣಿಯವರು ಹೊಟ್ಟನ್ನು ಒಲೆಗೇ ಉರಿಸಿಬಿಡುತ್ತಾರೆ. ಮೊದಲೇ ಹೇಳಿಟ್ಟರೆ ಮಾತ್ರ ಕೊಡುತ್ತಾರೆ. ಹೊಟ್ಟು ನೀರನ್ನು ಬಹಳ ಹೀರುವುದಿಲ್ಲ, ಅದು ಅದರ ಕೊರತೆ. ಆದರೆ ಹಗುರವಾಗಿ, ನಡುನಡುವೆ ಗಾಳಿಯಾಡುವಂತೆ ಇರುವುದರಿಂದ ಬೇಗ ಆರುತ್ತದೆ, ಕೆದಕಲು ಸುಲಭ. ಇಡೀ ಹೊಟ್ಟನ್ನೇ ಕೇಳಿ ತನ್ನಿ. ತೌಡು ಬೆರೆತ ಪುಡಿ ಹೊಟ್ಟಾದರೆ ಮರಿಗಳು ತಿನ್ನುತ್ತವೆ, ಧೂಳು ಏಳುತ್ತದೆ, ತೇವ ತಾಗಿದಲ್ಲಿ ಹುಳಿಯುತ್ತದೆ. ನುಚ್ಚು ಉಳಿದಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಮೊರದಲ್ಲಿ ಒಮ್ಮೆ ಗೇರಿ ಹಾಕಿದರೆ ಈ ಎರಡೂ ತೊಂದರೆ ಮುಗಿಯಿತು.

ಎಷ್ಟು ಬೇಕು? 50 ಮರಿಗೆ ಮೊದಲ ಎರಡು ವಾರ 4 ಅಡಿ ಉದ್ದ, 4 ಅಡಿ ಅಗಲದ ಜಾಗ ಸಾಕು. 3 ಇಂಚು ದಪ್ಪ ಹಾಸಿದರೆ 4 ಘನ ಅಡಿ, ಅಂದರೆ ಸುಮಾರು 113 ಲೀಟರ್. ಅಕ್ಕಿಯ ದೊಡ್ಡ ಗೋಣಿಚೀಲ ಒಂದು ತುಂಬಿದರೆ ಹತ್ತಿರ ಹತ್ತಿರ ಅಷ್ಟು. ಆರನೇ ವಾರಕ್ಕೆ ಮರಿಗೊಂದು ಚದರ ಅಡಿ ಬೇಕಾಗುವುದರಿಂದ 50 ಚದರ ಅಡಿ ಆಗುತ್ತದೆ, ಅದಕ್ಕೆ ಇನ್ನೂ ಎರಡು ಮೂರು ಚೀಲ. ಒಟ್ಟು ನಾಲ್ಕು ಚೀಲ ಲೆಕ್ಕ ಹಾಕಿ, ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ನಮ್ಮ ಕಡೆ ಸರಕಿನ ಬೆಲೆಗಿಂತ ಅದನ್ನು ಸಾಗಿಸುವ ಬಾಡಿಗೆಯೇ ಜಾಸ್ತಿ. ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಂದೇ ಗಾಡಿಯಲ್ಲಿ ತರಿಸಿದರೆ ಗಿಟ್ಟುತ್ತದೆ.

ಮರದ ಮಿಲ್ಲಿನಿಂದ ಬರುವುದರಲ್ಲಿ ಎರಡು ಬಗೆ. ಗರಗಸದಿಂದ ಉದುರುವ ನುಣ್ಣನೆಯ ಪುಡಿ ಒಂದು, ಬಡಗಿ ಹಲಗೆ ಕೀಸುವಾಗ ಸುರುಳಿಯಾಗಿ ಬೀಳುವ ಚಕ್ಕೆ ಇನ್ನೊಂದು. ಚಕ್ಕೆ ನಿಜಕ್ಕೂ ಒಳ್ಳೆಯ ಹಾಸು: ತೇವ ಹೀರುತ್ತದೆ, ಕಾಲಿಗೆ ಹಿಡಿತ ಕೊಡುತ್ತದೆ. ಸಿಕ್ಕರೆ ಬಿಡಬೇಡಿ. ಪುಡಿ ಹಾಗಲ್ಲ. ಮೊದಲ ವಾರದ ಮರಿಗೆ ಕಾಳು ಯಾವುದು, ಕಸ ಯಾವುದು ತಿಳಿಯದು. ಪುಡಿಯನ್ನೇ ಹೆಕ್ಕಿ ತಿಂದು ಕೊರಳ ಚೀಲ ಗಟ್ಟಿಯಾಗಿ ಸಾಯುತ್ತದೆ. ಮೇಲಾಗಿ ಗರಗಸಕ್ಕೆ ಹಸಿ ಮರವನ್ನೇ ಕೊಡುವುದು ಹೆಚ್ಚಾದ್ದರಿಂದ ಆ ಪುಡಿ ಹುಟ್ಟುವಾಗಲೇ ಒದ್ದೆ, ರಾಶಿ ಬಿದ್ದಲ್ಲಿ ಬೂಷ್ಟು ಖಂಡಿತ. ಪ್ಲೈವುಡ್ ಕೊಯ್ದ ಪುಡಿ, ಗೆದ್ದಲು ಔಷಧಿ ಹೊಡೆದ ಹಳೆ ಮರದ ಪುಡಿ ಎಂದೂ ಬೇಡ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಅಡಿಕೆ ಸಿಪ್ಪೆ ಅಂಗಳದಲ್ಲೇ ಬಿದ್ದಿರುತ್ತದೆ. ಅದರ ಬಗ್ಗೆ ನನ್ನನ್ನು ಕೇಳುವವರೇ ಹೆಚ್ಚು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಂಪಡಿಕೆಗೆಂದು ಹಸಿ ಅಡಿಕೆ ಸುಲಿದಾಗ ಬರುವ ಸಿಪ್ಪೆ ನೀರು ತುಂಬಿದ್ದು, ರಾಶಿ ಹಾಕಿದ ಕೆಲವೇ ದಿನದಲ್ಲಿ ಕೊಳೆಯುತ್ತದೆ. ಅದು ತೋಟದ ಬುಡಕ್ಕೇ ಹೋಗಲಿ. ಸಿಪ್ಪೆ ಸಹಿತವೇ ಒಣಗಿಸುವ ಚಾಲಿ ಅಡಿಕೆ ತಿಂಗಳಿಗೂ ಹೆಚ್ಚು ಬಿಸಿಲು ಕಂಡಿರುತ್ತದೆ. ಅದನ್ನು ಸುಲಿದ ಸಿಪ್ಪೆ ಒಣಗಿ ಗರಿಗರಿ ಇರುತ್ತದೆ, ಅದನ್ನು ಬಳಸಬಹುದು. ಆದರೆ ಹಾಗೇ ಹಾಸಬೇಡಿ. ಉದ್ದ ನಾರು ಮರಿಯ ಬೆರಳಿಗೆ ಸುತ್ತಿಕೊಂಡು, ರಕ್ತ ಹರಿಯದೆ ಬೆರಳು ಕಪ್ಪಾಗಿ ಉದುರುತ್ತದೆ. ಕತ್ತಿಯಿಂದ ಇಂಚು ಇಂಚು ಕೊಚ್ಚಿ, ಬಿಡಿ ನಾರು ಆರಿಸಿ ತೆಗೆದು, ಅಡಿಯ ಪದರವಾಗಿ ಹಾಕಿ. ಮೇಲೆ ಎರಡು ಇಂಚು ಭತ್ತದ ಹೊಟ್ಟು ಬರಲಿ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೊ ದ್ರಾವಣ ಹೊಡೆದ ನೀಲಿ ಕಲೆ ಸಿಪ್ಪೆಯ ಮೇಲೆ ಕಂಡರೆ ಮರಿಗಳಿಗೆ ಹಾಕಬೇಡಿ. ಮೈಲುತುತ್ತ ಕುಕ್ಕಿ ತಿನ್ನುವ ವಸ್ತುವಲ್ಲ.

ತೆಂಗಿನ ನಾರಿನ ಪುಡಿ ಕುಮಟಾ, ಹೊನ್ನಾವರ ಕಡೆ ಸಿಗುವುದುಂಟು. ನೀರು ಹೀರುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಅದೇ ಅದರ ತೊಂದರೆ ಕೂಡ: ಮಳೆಗಾಲದ ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ಬೇಸಿಗೆಗೆ ಇರಲಿ, ಅದೂ ಭತ್ತದ ಹೊಟ್ಟಿನ ಜೊತೆ ಬೆರೆಸಿ. ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ ತೆಗೆದ ಪುಡಿಯಾದರೆ ಬೇಡವೇ ಬೇಡ.

ಶೇಂಗಾ ಸಿಪ್ಪೆ ಕರಾವಳಿಯ ಮರಳು ಗದ್ದೆಗಳಲ್ಲಿ ಶೇಂಗಾ ಕಿತ್ತ ಮೇಲೆ ಸಿಗುತ್ತದೆ. ಹೀರುವ ಗುಣ ಚೆನ್ನಾಗಿದೆ. ಕಪ್ಪಾದ, ಹಸಿರು ಬೂಷ್ಟಿನ ಒಂದು ಕಾಳು ಕಂಡರೂ ಇಡೀ ಚೀಲ ಬಿಡಿ. ಆ ಬೂಷ್ಟಿನ ವಿಷ ಮರಿಯ ಯಕೃತ್ತನ್ನೇ ಹಾಳುಮಾಡುತ್ತದೆ. ಭತ್ತದ ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿದರೆ ಮಾತ್ರ ಪ್ರಯೋಜನ. ಇಡೀ ಹುಲ್ಲು ಚಾಪೆಯಂತೆ ಅಂಟಿ ಅಡಿಯಲ್ಲಿ ಕೊಳೆಯುತ್ತದೆ. ಮನೆಯಲ್ಲಿ ದನ ಇದ್ದರೆ ಹುಲ್ಲು ದನಕ್ಕೇ ಇರಲಿ.

ದರಕಿನ ವಿಷಯ

ಘಟ್ಟದ ಮೇಲಿನವರು ಕೊಟ್ಟಿಗೆಗೆ ದರಕು, ಅಂದರೆ ಕಾಡಿನ ಒಣ ಎಲೆ, ಹಾಸುವ ರೂಢಿಯವರು. ಸೊಪ್ಪಿನ ಬೆಟ್ಟದಿಂದ ಹಗ್ಗದ ಬಲೆಯ ಕಲ್ಲಿ ತುಂಬ ತಂದದ್ದನ್ನು ಕೋಳಿಗೂ ಹಾಕೋಣ ಎನ್ನಿಸುವುದು ಸಹಜ. ಪುಕ್ಕಟೆ ಸಿಗುತ್ತದೆ, ಒಣಗಿರುತ್ತದೆ. ಆದರೂ ಮರಿಗಳಿಗೆ ನಾನು ಬೇಡ ಎನ್ನುತ್ತೇನೆ. ಅಗಲ ಎಲೆ ಒಂದರ ಮೇಲೊಂದು ಅಂಟಿ ಕೆಳಗೆ ನೀರು ನಿಲ್ಲಿಸುತ್ತದೆ. ಅದರೊಂದಿಗೆ ಚಗಳಿ, ಕೆಂಪಿರುವೆ ಬರುತ್ತವೆ. ಒಂದೇ ರಾತ್ರಿಯಲ್ಲಿ ಇರುವೆ ಮರಿಗಳನ್ನು ಕೊಂದುಹಾಕಿದ್ದನ್ನು ಕಂಡಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಕಾರಣ ಉಣುಗು, ಅಂದರೆ ಉಣ್ಣಿ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಸಿದ್ದಾಪುರ, ಹೊನ್ನಾವರದ ಕಡೆಯೂ ಅದು ಜೀವ ತೆಗೆದಿದೆ. ಆ ರೋಗವನ್ನು ಹೊತ್ತ ಉಣುಗು ಬೆಟ್ಟದ ಒಣ ಎಲೆಗಳ ನಡುವೆಯೇ ಇರುತ್ತದೆ. ನಾವು ದರಕು ಗುಡಿಸುವ ಚಳಿಗಾಲ, ಬೇಸಿಗೆಯೇ ಅದರ ಕಾಲ. ಕೋಳಿಮರಿಗಿಂತ ಮೊದಲು ದರಕು ಹೊತ್ತು ತರುವ ಮನುಷ್ಯನ ಜೀವ. ಮಂಗ ಸತ್ತ ಸುದ್ದಿ ಇರುವ ಊರಿನಲ್ಲಂತೂ ಒಂದು ಎಲೆಯನ್ನೂ ಮನೆಯೊಳಗೆ ತರಬೇಡಿ.

ಯಾವ ಕಾರಣಕ್ಕೂ ಬಳಸಬಾರದವು

ಗೇರುಬೀಜದ ಸಿಪ್ಪೆ. ನಮ್ಮಲ್ಲಿ ಗೇರು ಕಾರ್ಖಾನೆಗಳಿರುವುದರಿಂದ ಯಾರಿಗಾದರೂ ಹೊಳೆಯಬಹುದಾದದ್ದೇ. ಅದರ ಎಣ್ಣೆ ಮನುಷ್ಯರ ಕೈಯನ್ನೇ ಸುಟ್ಟು ಬೊಬ್ಬೆ ಏಳಿಸುತ್ತದೆ, ಮರಿಯ ಪಾದ ಉಳಿಯುವುದಿಲ್ಲ. ಹೊಲಗೇರು ಮರದ ಪುಡಿ, ಎಲೆ ಕೂಡ ಹಾಗೆಯೇ.

ಸಮುದ್ರದ ಮರಳು ಬೇಡ. ಉಪ್ಪು ಗಾಳಿಯ ತೇವವನ್ನು ಎಳೆದು ಸದಾ ಜಿನುಗುತ್ತದೆ. ಮರಿ ಕುಕ್ಕಿದರೆ ಉಪ್ಪಿನ ವಿಷ ಏರುತ್ತದೆ. ದಂಡೆಯ ಮರಳು ತೆಗೆಯುವುದು ಕಾನೂನಿಗೂ ವಿರುದ್ಧ.

ಬರೀ ಪೇಪರ್ ಹಾಸುವುದು ತುಂಬ ಮನೆಗಳಲ್ಲಿ ನಡೆಯುತ್ತದೆ. ಹಿಕ್ಕೆ ಬಿದ್ದ ಪೇಪರ್ ಜಾರುತ್ತದೆ. ಜಾರುವ ನೆಲದಲ್ಲಿ ಮರಿಯ ಎಳೆ ಕಾಲುಗಳು ಎರಡೂ ಬದಿಗೆ ಅಗಲವಾಗಿ ಹೋಗಿ, ಮತ್ತೆ ನಿಲ್ಲಲಾಗದೆ ಉಳಿಯುತ್ತವೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಬಿಟ್ಟರೂ ಅದೇ ಗತಿ.

ಸಂಗ್ರಹಿಸುವ ಕಾಲ

ಮಳೆಗಾಲಕ್ಕೆ ಸೌದೆ, ಹಪ್ಪಳ, ಒಣಮೀನು ಮಾಡಿಟ್ಟುಕೊಳ್ಳುವ ಹಾಗೆಯೇ ಹಾಸನ್ನೂ ಫೆಬ್ರುವರಿಯಿಂದ ಮೇ ನಡುವೆ ಮಾಡಿಟ್ಟುಕೊಳ್ಳಬೇಕು. ತಂದ ಸರಕನ್ನು ಅಂಗಳದಲ್ಲಿ ತೆಳ್ಳಗೆ ಹರವಿ ಎರಡು ಮೂರು ದಿನ ಬಿಸಿಲು ಕಾಣಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಬಿಸಿ ಆರಿದ ಮೇಲೆ ಚೀಲಕ್ಕೆ ತುಂಬಿ. ಬಿಸಿಯಾಗಿದ್ದಾಗಲೇ ಬಾಯಿ ಕಟ್ಟಿದರೆ ಒಳಗೆ ಬೆವರುತ್ತದೆ. ಪಶು ಆಹಾರದ ಖಾಲಿ ಚೀಲಗಳನ್ನು ತೊಳೆದು ಒಣಗಿಸಿ ಬಳಸಬಹುದು. ಅಟ್ಟವಿದ್ದರೆ ಅಟ್ಟದ ಮೇಲೆ, ಇಲ್ಲದಿದ್ದರೆ ಅಡಿಕೆ ದಬ್ಬೆಯ ಮಂಚಿಕೆ ಮಾಡಿ ಅದರ ಮೇಲೆ, ಗೋಡೆಗೆ ತಾಗದಂತೆ ಇಡಿ. ಕೆಂಪುಕಲ್ಲಿನ ಗೋಡೆ ಆಷಾಢದಲ್ಲಿ ಹೇಗೆ ಬೆವರುತ್ತದೆ ಎಂದು ನಿಮಗೆ ಗೊತ್ತಲ್ಲ.

ಅಷ್ಟು ಮಾಡಲಾಗದಿದ್ದರೆ, ಮಳೆಗಾಲ ಬಿಟ್ಟು ಅಕ್ಟೋಬರ್ ನಂತರ ಮರಿ ತನ್ನಿ. ಜೂನ್ ಜುಲೈಯಲ್ಲಿ ಹಾಸು ಹುಡುಕುತ್ತ ಹೊರಡುವುದಕ್ಕಿಂತ ಅದು ಎಷ್ಟೋ ಮೇಲು.

ಹಾಸುವ ಕ್ರಮ

ಮರಿ ಬರುವ ವಾರಕ್ಕೆ ಮೊದಲು ನೆಲ ಗುಡಿಸಿ, ತೊಳೆದು, ಒಣಗಿಸಿ. ನಮ್ಮ ಕಡೆ ಸಿಗುವ ಚಿಪ್ಪಿ ಸುಣ್ಣವನ್ನು ನೀರಿನಲ್ಲಿ ಕದಡಿ ನೆಲಕ್ಕೂ ಗೋಡೆಯ ಬುಡಕ್ಕೂ ಬಳಿದು, ಮತ್ತೆ ಎರಡು ದಿನ ಪೂರ್ತಿ ಒಣಗಲು ಬಿಡಿ. ಸುಣ್ಣದ ಕೆಲಸ ಅಲ್ಲಿಗೆ ಮುಗಿಯಬೇಕು. ಮರಿ ಇರುವಾಗ ಒದ್ದೆ ಹಾಸಿನ ಮೇಲೆ ಸುಣ್ಣವನ್ನೋ ಒಲೆಯ ಬೂದಿಯನ್ನೋ ಎರಚುವವರಿದ್ದಾರೆ. ಅವು ಹಿಕ್ಕೆಯಲ್ಲಿನ ಅಮೋನಿಯಾ ಎಂಬ ಖಾರ ವಾಸನೆಯ ಅನಿಲವನ್ನು ಒಮ್ಮೆಲೇ ಗಾಳಿಗೆ ಬಿಡಿಸುತ್ತವೆ, ಮರಿಯ ಕಣ್ಣು ಉರಿದು ನೀರು ಸುರಿಯುತ್ತದೆ.

ನೆಲ ಮಣ್ಣಿನದಾದರೆ, ಥಂಡಿ ಮೇಲೇರದಂತೆ ಮೊದಲು ತಾಡಪತ್ರಿ ಹಾಕಿ. ಸುತ್ತ ಒಂದೂವರೆ ಅಡಿ ಎತ್ತರದ ಗೋಡೆಯನ್ನು ತಗಡಿನಿಂದಲೋ ರಟ್ಟಿನಿಂದಲೋ ದುಂಡಗೆ ಕಟ್ಟಿ. ಮೂಲೆ ಇದ್ದರೆ ಚಳಿಗೆ ಮರಿಗಳು ಅಲ್ಲಿ ಒತ್ತಿಕೊಂಡು ಅಡಿಯಲ್ಲಿದ್ದವು ಸಾಯುತ್ತವೆ. ಒಳಗೆ 3 ಇಂಚು ಹಾಸು ಸಮನಾಗಿ ಹರವಿ. ಮೊದಲ ಮೂರು ದಿನ ಅದರ ಮೇಲೆ ತೊಳೆದು ಒಣಗಿಸಿದ ಗೋಣಿಚೀಲ ಹೊದಿಸಿ: ಕಾಲಿಗೆ ಹಿಡಿತ ಸಿಗುತ್ತದೆ, ಹೊಟ್ಟು ಬಾಯಿಗೆ ಸಿಗುವುದಿಲ್ಲ. ಅಂಚಿನ ಸಡಿಲ ಎಳೆಗಳನ್ನು ಕತ್ತರಿಸಿ ತೆಗೆಯಿರಿ. ಮರಿಗಳು ಆಹಾರದ ತಟ್ಟೆ ಗುರುತಿಸಿದ ಮೇಲೆ ಚೀಲ ತೆಗೆದುಬಿಡಿ.

ಬಲ್ಬನ್ನು ಮರಿ ಬರುವ 24 ತಾಸು ಮೊದಲೇ ಹಚ್ಚಿಡಿ, ಮಳೆಗಾಲದಲ್ಲಂತೂ ತಪ್ಪದೆ. ಮೊದಲ ವಾರ ಮರಿಯ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಗಾಳಿ ಬಿಸಿಯಾದರೆ ಸಾಲದು, ಹಾಸೂ ಬಿಸಿಯಾಗಬೇಕು. ಮರಿ ಬಿಟ್ಟು ಅರ್ಧ ತಾಸಿನ ಮೇಲೆ ಒಂದನ್ನು ಎತ್ತಿ ಅದರ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಹಾಸು ಇನ್ನೂ ತಣ್ಣಗಿದೆ.

ಬಲ್ಬನ್ನು ಅದರ ವಯರಿನಲ್ಲೇ ತೂಗುಹಾಕಬೇಡಿ. ಗಟ್ಟಿ ತಂತಿಯಿಂದ ಬೇರೆಯಾಗಿ ಕಟ್ಟಿ. ಇಷ್ಟು ಒಣಗಿಸಿಟ್ಟ ಹೊಟ್ಟಿನ ಮೇಲೆ ಬಿಸಿ ಬಲ್ಬ್ ಬಿದ್ದರೆ ಕೊಟ್ಟಿಗೆಯೇ ಹೊತ್ತುತ್ತದೆ. ಮಳೆಗೆ ಕರೆಂಟ್ ಹೋದಾಗ ಕೆಂಡದ ಮಡಕೆ ಇಡುವವರು ಅದನ್ನು ಹಾಸಿನಿಂದ ಎತ್ತರದಲ್ಲಿ, ಕಲ್ಲಿನ ಮೇಲೆ ಇಟ್ಟು, ಗಾಳಿ ಹೋಗಲು ಕಿಂಡಿ ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಮರಿಗಳನ್ನೂ ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದವರನ್ನೂ.

ದಿನದ ನಿಗಾ

ಹಾಸು ಒದ್ದೆಯಾಗುವುದು ಹೆಚ್ಚಾಗಿ ನೀರಿನ ಪಾತ್ರೆಯ ಸುತ್ತ. ಪಾತ್ರೆಯನ್ನು ಇಟ್ಟಿಗೆಯ ಮೇಲೆ, ಮರಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಇಡಿ. ಮರಿ ಬೆಳೆದಂತೆ ಎತ್ತರಿಸಿ. ಬೆಳಿಗ್ಗೆ ಮೊದಲ ಕೆಲಸವಾಗಿ ಪಾತ್ರೆಯ ಸುತ್ತಲಿನ ಗಟ್ಟಿ ಹೆಪ್ಪನ್ನು ತೆಗೆದು, ಅಷ್ಟೇ ಒಣ ಹೊಟ್ಟು ಸುರಿಯಿರಿ. ಉಳಿದದ್ದನ್ನು ಕೈಯಿಂದಲೋ ಸಣ್ಣ ಹಲ್ಲಿನ ಕೋಲಿನಿಂದಲೋ ಮೇಲೆ ಕೆಳಗೆ ಮಾಡಿ. ಎರಡನೇ ವಾರದಿಂದ ಇದು ತಪ್ಪಬಾರದು.

ಮರಿಯ ಮಟ್ಟಕ್ಕೆ ಬಾಗಿ ಮೂಸಿ ನೋಡಿ. ನಿಂತವರ ಮೂಗಿಗೆ ಏನೂ ತಿಳಿಯದಾಗಲೂ ಅಲ್ಲಿ ಖಾರ ವಾಸನೆ ಇರಬಹುದು. ಅಮೋನಿಯಾ ಹತ್ತು ಲಕ್ಷಕ್ಕೆ 25 ಭಾಗ ದಾಟಿದರೆ ಮರಿಗೆ ಹಾನಿ. ನಿಮ್ಮ ಕಣ್ಣು ಚುರುಗುಟ್ಟಿತೆಂದರೆ ಆ ಮಟ್ಟ ದಾಟಿಯಾಗಿದೆ. ಮಳೆಯೆಂದು ಎಲ್ಲ ಕಡೆ ತಾಡಪತ್ರಿ ಬಿಗಿದು ಗಾಳಿ ನಿಲ್ಲಿಸುವುದು ನಮ್ಮಲ್ಲಿ ನಡೆಯುವ ದೊಡ್ಡ ತಪ್ಪು. ಕೆಳಗೆ ಇರಚಲು ಬಾರದಂತೆ ಮುಚ್ಚಿ, ಮಾಡಿನ ಅಡಿಯಲ್ಲಿ ಒಂದಡಿ ತೆರೆದಿಡಿ.

ಮೂರರಿಂದ ಆರನೇ ವಾರದ ನಡುವೆ ಹಿಕ್ಕೆಯ ಬಣ್ಣ ದಿನವೂ ನೋಡಬೇಕು. ರಕ್ತ ಕಂಡರೆ, ಮರಿ ರೆಕ್ಕೆ ಇಳಿಬಿಟ್ಟು ಮುದುಡಿದರೆ, ಅದು ರಕ್ತಭೇದಿ. ಅದರ ಸೂಕ್ಷ್ಮಾಣು ಬೆಚ್ಚಗಿನ ಒದ್ದೆ ಹಾಸಿನಲ್ಲಿ ಒಂದೆರಡು ದಿನದಲ್ಲೇ ರೋಗ ಹರಡುವ ಹದಕ್ಕೆ ಬರುತ್ತದೆ, ಒಣ ಹಾಸಿನಲ್ಲಿ ಹಾಗಾಗುವುದು ಕಷ್ಟ. ಆಂಪ್ರೋಲಿಯಂ ನೀರಿಗೆ ಹಾಕಿ ಕೊಡುವ ಔಷಧಿ. ಪ್ರಮಾಣವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ, ಅದೇ ದಿನ ಶುರುಮಾಡಿ. ಜೊತೆಗೆ ಒದ್ದೆ ಭಾಗವನ್ನೆಲ್ಲ ಬದಲಿಸಿ, ಇಲ್ಲವಾದರೆ ಔಷಧಿ ನಿಲ್ಲಿಸಿದ ಮೇಲೆ ಮತ್ತೆ ಬರುತ್ತದೆ.

ಹಳೆಯ ಹಾಸು

ದೊಡ್ಡ ಕೋಳಿಗಳ ಹಾಸನ್ನು ಮರಿಗಳಿಗೆ ಹಾಕಬೇಡಿ. ಮರಿಗಳ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಗಂಬೋರೊ ರೋಗದ ವೈರಸ್ ಹಳೆಯ ಹಾಸಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಪ್ರತಿ ಸಲವೂ ಮರಿಗೆ ಹೊಸದೇ ಆಗಬೇಕು. ತೆಗೆದ ಹಾಸನ್ನು ಮರಿಗಳಿಂದ ದೂರ, ಗಾಳಿಯ ಕೆಳದಿಕ್ಕಿನಲ್ಲಿ ಗುಂಡಿಗೆ ಹಾಕಿ, ಸೊಪ್ಪು, ಸೆಗಣಿ ಬೆರೆಸಿ, ಮಳೆ ನೀರು ತೊಳೆದೊಯ್ಯದಂತೆ ಮೇಲೆ ತೆಂಗಿನ ಗರಿಯ ಮಡಲು ಹೊದಿಸಿ. ದನಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ, ಅದರಲ್ಲಿ ಸತ್ತ ಮರಿ ಸೇರಿದ್ದರೆ ದನಕ್ಕೆ ಪ್ರಾಣಾಪಾಯ. ಭತ್ತದ ಹೊಟ್ಟು ಕರಗುವುದು ನಿಧಾನ. ನಾನು ಮೇ ತಿಂಗಳಲ್ಲಿ ಗುಂಡಿಗೆ ಹಾಕಿದ್ದನ್ನು ದೀಪಾವಳಿ ಕಳೆದ ಮೇಲೆ ತೆಗೆಯುತ್ತೇನೆ. ಆ ಹೊತ್ತಿಗೆ ಖಾರ ವಾಸನೆ ಹೋಗಿ ಮಣ್ಣಿನ ವಾಸನೆ ಬಂದಿರುತ್ತದೆ, ಆಗ ತೆಂಗಿನ ಬುಡಕ್ಕೆ ಎರಡೆರಡು ಬುಟ್ಟಿ ಹಾಕುತ್ತೇನೆ.